ಕಾಫಿಗೆ ಮುಂಚಿನ ಒಂದು ಗಂಟೆ

ಐದೂವರೆ. ಉಪ್ಪಳ್ಳಿ ಇನ್ನೂ ಮುಸುಕೆಳೆದು ಮಲಗಿದೆ.
ಸಾಸಿವೆಗಿಂತ ಚೂರು ದೊಡ್ಡ ಬಿಳಿ ಗುಳಿಗೆ,
ಅರ್ಧ ಲೋಟ ನೀರು.
ಇನ್ನೊಂದು ಗಂಟೆ ಕಾಫಿ ಇಲ್ಲ.

ಇಲ್ಲ ಅಂದದ್ದು ಯಾರಿಗೆ?
ಕ್ಯೂರಿಂಗ್ ವರ್ಕ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ
ಬೀಜ ಆರಿಸುವವಳಿಗೆ,
ಸೆರಗಲ್ಲಿ, ಕೂದಲಲ್ಲಿ, ಉಗುರಿನ ಸಂದಿಯಲ್ಲಿ
ಅದರ ಹೊಟ್ಟನ್ನೇ ಹೊತ್ತು ತಿರುಗುವವಳಿಗೆ.
ಡಾಕ್ಟರ್ ಫರ್ಹಾನಾ ನಗದೆ ಹೇಳಿದರು:
'ಕಾಫಿ ಮೊದಲು ಹೋದರೆ
ಗುಳಿಗೆಗೆ ಬಾಗಿಲು ತೆಗೆಯೋದಿಲ್ಲಮ್ಮ.'

ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟ್ಟಿಕ್ಕುತ್ತದೆ.
ಎಣಿಸುತ್ತ ಕೂರುತ್ತೇನೆ.
ಮೈಯೊಳಗೂ ಹೀಗೇ ಅಂತೆ,
ನಾಳವಿಲ್ಲ, ತೂಬಿಲ್ಲ, ನೆತ್ತರಿಗೇ ನೇರ ಒಂದು ತೊಟ್ಟು.
ವಿಳಾಸ ಬರೆಯದ ಕಾಗದ;
ಊರೆಲ್ಲ ಸುತ್ತುತ್ತದೆ, ಎಲ್ಲರ ಬಾಗಿಲೆದುರೂ ಹಾಯುತ್ತದೆ,
ಆ ಅಕ್ಷರ ಬಲ್ಲ ಮನೆ ಮಾತ್ರ
ಒಡೆದು ಓದುತ್ತದೆ.

ಹೋದ ಸೀಸನ್ನಿನ ನಡುವೆ ನನ್ನ ಕೈ ನಿಂತುಹೋಯಿತು.
ಕರಿಬೀಜ, ಒಡಕು, ಹುಳ ಕೊರೆದದ್ದು,
ಕಣ್ಣಿಗೆ ಕಾಣುತ್ತದೆ, ಬೆರಳು ಹೋಗುವುದಿಲ್ಲ.
ಮಾರ್ಚಿ ಬಿಸಿಲಲ್ಲೂ ಸ್ವೆಟರು.
ಬಾಚಣಿಗೆ ತುಂಬ ನನ್ನದೇ ಜಡೆ.
ದನಿ ಎಷ್ಟು ಗಡಸೆಂದರೆ ಫೋನಿನಲ್ಲಿ ತಂಗಿ
ನನಗೇ ಹೇಳಿದಳು: 'ಭಾವ, ಅಕ್ಕನಿಗೆ ಕೊಡಿ.'

ಮೇಸ್ತ್ರಿ ಲೂಸಿಯಮ್ಮ ಮೊದಲು ಹೆಸರು ಹಿಡಿದು ಕರೆದಳು.
ಆಮೇಲೆ ಕೂಗಿದಳು.
ಆಮೇಲೆ ಶೆಡ್ಡಿನ ತಗಡು ಅದುರುವ ಹಾಗೆ.
ಅವಳು ಕೂಗಿದಷ್ಟೂ ನನ್ನ ಕೈ ಇನ್ನೂ ಭಾರ.

ಜಿಲ್ಲಾ ಆಸ್ಪತ್ರೆ ಎದುರಿನ ಲ್ಯಾಬಿನಲ್ಲಿ
ಯತಿರಾಜ ಎಂಬ ಹುಡುಗ ಚೀಟಿ ಕೊಟ್ಟ:
ಟಿ.ಎಸ್.ಎಚ್. ಅರವತ್ತೆಂಟು.
'ಐದರೊಳಗೆ ಇರಬೇಕಿತ್ತು.'
'ಹೆಚ್ಚಿದ್ದರೆ ಒಳ್ಳೆಯದಲ್ಲವೇನಪ್ಪ?'
ಪೆನ್ನಿನ ಹಿಂಬದಿಯಿಂದ ಹುಬ್ಬಿನ ನಡುವೆ ಮುಟ್ಟಿ,
ಆಮೇಲೆ ಗಂಟಲು ಮುಟ್ಟಿ ಹೇಳಿದ:
'ಮಿದುಳ ಅಡಿಯಲ್ಲಿ ಒಬ್ಬಳಿದ್ದಾಳೆ, ಅವರೆಕಾಳಿನಷ್ಟು.
ಇಲ್ಲೊಬ್ಬಳು, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ.
ಇವಳು ಕೆಲಸ ಬಿಟ್ಟರೆ ಅವಳು ಕೂಗುತ್ತಾಳೆ.
ಚೀಟಿಯಲ್ಲಿರೋದು ಕೂಗು, ಅಕ್ಕ.
ಕೆಲಸದ ಲೆಕ್ಕ ಅಲ್ಲ.'

ಅರವತ್ತೆಂಟು!
ನನ್ನ ತಲೆಬುರುಡೆಯಲ್ಲೇ ಒಬ್ಬ ಲೂಸಿಯಮ್ಮ,
ಗಂಟಲು ಹರಿದುಕೊಳ್ಳುತ್ತ,
ಹಗಲೂ ರಾತ್ರಿ,
ನನಗೊಂದಿಷ್ಟೂ ಕೇಳಿಸದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ನೆನಪಾದವಳು ಸಿಂಗಾರತ್ತೆ,
ಅಪ್ಪನ ಅಕ್ಕ, ಖಾಂಡ್ಯಕ್ಕೆ ಕೊಟ್ಟವಳು.
ಕೊರಳಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ,
ಅದರ ಮೇಲೆ ಕರಿಮಣಿ ಓರೆಯಾಗಿ ಕೂರುತ್ತಿತ್ತು.
ಬೆಟ್ಟದ ನೀರಿನ ಗುಣ ಅನ್ನುತ್ತಿದ್ದರು.
ಮೂರನೆಯ ವರ್ಷಕ್ಕೆ ವಾಪಸು ಕಳಿಸಿದರು,
ಕೂತಲ್ಲೇ ನಿದ್ದೆ ಮಾಡುವ ಸೋಮಾರಿ ಎಂದು.
ನಮ್ಮವರೂ ಅದನ್ನೇ ಅಂದರು.
ನಾನೂ ಅಂದಿದ್ದೇನೆ,
ಎಂಟು ವರ್ಷದವಳು, ಅವಳ ನಡಿಗೆ ಅಣಕಿಸಿ ಹಿಂದೆ ಹಿಂದೆ ನಡೆದು.
ಆಷಾಢವಲ್ಲದೆಯೂ ಒಲೆ ಬದಿ ಬಿಟ್ಟೇಳುತ್ತಿರಲಿಲ್ಲ.
ಚಳಿ ಅಂದಳು. ನೆಪ ಅಂದೆವು.

ಅವಳೊಳಗೆ ಕೂಗು ಎಷ್ಟಿತ್ತೋ.
ಎಂಬತ್ತೋ, ನೂರೋ.
ನಾವು ಅಳೆದದ್ದು
ಅವಳು ತೊಳೆಯದೆ ಬಿಟ್ಟ ಪಾತ್ರೆಗಳನ್ನು.

ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ
ನಗುವ ಸೂರ್ಯನ ಗುರುತಿದೆ, ಅಯೋಡಿನ್ ಉಂಟೆಂದು.
ಅತ್ತೆಯ ಕಾಲದಲ್ಲಿ
ಆ ಸೂರ್ಯ ನಮ್ಮನೆಯಲ್ಲಿ ಹುಟ್ಟಿರಲಿಲ್ಲ.

ಈಗ ನನ್ನ ಚೀಟಿಯಲ್ಲಿ ನಾಲ್ಕು ಪಾಯಿಂಟು ಎರಡು.
ಕೈ ಮೊದಲಿನ ಹಾಗೆ ಓಡುತ್ತದೆ;
ದಪ್ಪ ಹೋಗಿಲ್ಲ, ಅದು ಬೇರೆ ಮಾತು.
ನಿನ್ನೆ ಎದುರು ಮೇಜಿನ ಹೊಸ ಹುಡುಗಿ ತೂಕಡಿಸಿದಳು.
ಲೂಸಿಯಮ್ಮ ಬಾಯಿ ತೆಗೆಯುವ ಮೊದಲೇ
ಕೈ ಚಾಚಿ ಅವಳ ರಾಶಿಯಿಂದ
ನಾಲ್ಕು ಕರಿಬೀಜ ಎತ್ತಿಕೊಂಡೆ,
ಹಾಗೇ ಅವಳ ಕೊರಳೂ ನೋಡಿದೆ.
ರಾತ್ರಿಯಿಡೀ ಸಿನಿಮಾ ನೋಡಿದ ನಿದ್ದೆಯೂ ಇರಬಹುದು.
ಇರಲಿ.

ಆರೂ ಇಪ್ಪತ್ತೊಂಬತ್ತು.
ಹಾಲು ಅಂಚಿಗೆ ಬಂದಿದೆ,
ತೊಟ್ಟಿಕ್ಕುವುದು ನಿಂತಿದೆ.
ಮೇಲಿನವಳೇ, ಅವರೆಕಾಳಿನಷ್ಟಿರುವವಳೇ,
ಇನ್ನೊಂದು ನಿಮಿಷ.
ಬಂದೆ, ಬಂದೆ,
ಕೂಗಬೇಡ.