ಊದುಗೊಳವೆ

ಬುಧವಾರ ಎದೆರೋಗದ ಚೀಟಿ ಅರವತ್ತು ದಾಟುತ್ತದೆ.
ಶಿವಮೊಗ್ಗದ ದೊಡ್ಡಾಸ್ಪತ್ರೆ, ಹನ್ನೊಂದನೇ ಕೋಣೆ,
ಒಂದು ಮೇಜು, ಒಂದು ಯಂತ್ರ, ರಟ್ಟಿನ ಕೊಳವೆಗಳ ಡಬ್ಬಿ,
ಮತ್ತೆ ನಾನು. ನನ್ನ ಕೆಲಸ ಒಂದೇ ಮಾತು:
ಊದಿ, ಊದಿ, ಇನ್ನೂ ಊದಿ, ನಿಲ್ಲಿಸಬೇಡಿ.

ಪಿಜಿ ಡಾಕ್ಟರು ಕೊಟ್ಟ ನಮೂನೆಯಲ್ಲಿ ಮೊದಲ ಪ್ರಶ್ನೆ ಬೀಡಿ.
ದಿನಕ್ಕೆ ಎಷ್ಟು, ಎಷ್ಟು ವರುಷ, ಗುಣಿಸಿ ಬರೆಯಿರಿ.
ಹೊಳೆಹೊನ್ನೂರಿನ ಬಾಷಾ ಸಾಬರು ಬೆರಳು ಮಡಚಿ
ಲೆಕ್ಕ ಒಪ್ಪಿಸಿದರು, ದಿನಕ್ಕೆ ಅರ್ಧ ಕಟ್ಟು ಕಮ್ಮಿ ಹಿಡಿದು;
ಪಕ್ಕದಲ್ಲಿ ಹೆಂಡತಿ ಇದ್ದರಲ್ಲ.
ಭದ್ರಾವತಿಯ ಫೌಂಡ್ರಿಯ ತಂಗವೇಲು
ಬೀಡಿ ಬಿಟ್ಟು ಹನ್ನೆರಡು ವರುಷ, ಕೆಮ್ಮು ಅವರನ್ನು ಬಿಟ್ಟಿಲ್ಲ.
ಅವರಿಗೆಲ್ಲ ಖಾನೆ ಇದೆ.

ಕೆರಿಯಮ್ಮ, ಅರವತ್ತೊಂದು, ಆನವಟ್ಟಿ ಹತ್ತಿರದ ಹಳ್ಳಿ.
ಬೀಡಿ?
ಥೂ, ಎಂದರು. ನಕ್ಕರು. ನಗು ಕೆಮ್ಮಾಯಿತು.
ಅದು ಮುಗಿಯುವ ತನಕ ನಾನು ಪೆನ್ನಿನ ಮುಚ್ಚಳ
ತೆಗೆದೆ, ಹಾಕಿದೆ, ತೆಗೆದೆ.
ಕೆಲಸ? ಮಂಡಕ್ಕಿ ಭಟ್ಟಿ. ಭತ್ತದ ಹೊಟ್ಟು, ಮರದ ಪುಡಿ,
ಹೊಟ್ಟು ನೆನೆದ ದಿನ ಹಳೇ ಟೈರಿನ ಚೂರು.
ಮನೆಗೆ ಬಂದರೆ ಹಸಿ ಸೌದೆ.
ಗ್ಯಾಸು ಐತೆ ತಮಾ, ನೆಂಟರು ಬಂದರೆ ಚಾ ಕಾಸಾಕೆ.
ಒಟ್ಟು ಎಷ್ಟು ವರುಷ?
ಒಲೆ ಮುಂದೆ ಕೂತಾಗ ನಂಗೆ ಹನ್ನೆರಡು. ನೀನೇ ಕಳಿ.

ಕಳೆದೆ. ಐವತ್ತಕ್ಕೆ ಒಂದು ಕಮ್ಮಿ.
ಬರೆಯಲು ‘ಇತರೆ’ ಎಂಬಲ್ಲಿ ಒಂದು ಬೆರಳಗಲ ಜಾಗ.

ಕೊಳವೆ ಕೊಟ್ಟೆ. ತಿರುಗಿಸಿ ನೋಡಿದರು, ರಟ್ಟಿಂದಾ? ಎಂದರು.
ತುಟಿಗೆ ತಾಗಿಯೂ ತಾಗದ ಹಾಗೆ ಹಿಡಿದು,
ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ
ಫೂ. ಫೂ. ಫೂ.
ಹಾಗಲ್ಲ ಅಮ್ಮ, ಬಾಯಿ ಬಿಗಿ ಮಾಡಿ ಒಂದೇ ಉಸಿರಿಗೆ, ಜೋರಾಗಿ.
ಯಂತ್ರ ಒಪ್ಪಲಿಲ್ಲ. ಎರಡನೆಯದನ್ನೂ.
ಒಂದೇ ಉಸಿರಿಗೆ ಊದಿದರೆ ಬೂದಿ ಮುಖಕ್ಕೆ ಹಾರತೈತೆ,
ಕೆಂಡ ಏಳಾದಿಲ್ಲ,
ಎಂದರು, ಹೊಸ ಸೊಸೆಗೆ ಹೇಳಿಕೊಡುವಂತೆ.

ಮೂರನೆಯ ಸಲ ಸೆರಗು ಸೊಂಟಕ್ಕೆ ಸಿಕ್ಕಿಸಿ ಊದಿದರು.
ಕತ್ತಿನ ನರಗಳೆದ್ದವು. ಎಣಿಸಿದೆ: ಒಂದು, ಎರಡು, ಮೂರು, ನಾ...
ಪರದೆಯ ಗೆರೆ ಮೊಣಕಾಲೆತ್ತರ ಎದ್ದು
ಹೊಟ್ಟೆ ಒಳಕ್ಕೆ ಎಳೆದುಕೊಂಡು
ನೆಲದುದ್ದಕ್ಕೂ ತೆವಳಿತು.

ಬೆವರು ಒರೆಸಿಕೊಳ್ಳುತ್ತ, ಯಂತ್ರದ ಒಳಗೆ ಇಣುಕುವಂತೆ ಬಗ್ಗಿ
ಕೇಳಿದರು: ಹತ್ತಿತನಾ?

ಹೊರಬಂದ ಕಾಗದ ಇನ್ನೂ ಬೆಚ್ಚಗಿತ್ತು.
ಹತ್ತಿತು ಅಮ್ಮ, ಎಂದೆ.
ಬಾಗಿಲಲ್ಲಿ ಮೂವತ್ತೆಂಟನೇ ಚೀಟಿ ಕೆಮ್ಮಿತು.