ಸುತ್ತಿ ಬಂದ ಲೆಕ್ಕ

ಭದ್ರಾವತಿಯ ಗುಜರಿ ಅಂಗಡಿಯಲ್ಲಿ
ನೂರೈವತ್ತಕ್ಕೆ ಕೊಂಡೆ:
ನೀಲಿ ಮಖಮಲ್ಲಿನ ಪೆಟ್ಟಿಗೆ, ಒಳಗೆ ಎರಡು ಹಿತ್ತಾಳೆ ತೋಳು,
ಒಂದು ಸೂಜಿ, ಹಲ್ಲಿಲ್ಲದ ಪುಟ್ಟ ಚಕ್ರ.
ಪೆಟ್ಟಿಗೆಯ ಬೆನ್ನಿಗೆ ಮಸಿಯಲ್ಲಿ:
ಖಲಂದರ್, ಇನ್‌ಸ್ಟ್ರುಮೆಂಟ್ ಸೆಕ್ಷನ್.

ಹುಡುಕಿದರೆ ಹೊಸಮನೆಯಲ್ಲೇ ಇದ್ದರು.
ಮೊದಲು ಕೇಳಿದ್ದು,
"ಚಕ್ರಕ್ಕೆ ಕೈ ತಾಗಿಸಿಲ್ಲ ತಾನೆ?
ಬೆರಳಿನ ಜಿಡ್ಡು ಕೂತರೆ ಸುಳ್ಳು ಹೇಳತ್ತೆ."

ಉಗಿ ಎಂಜಿನ್ನು ತಾನೇ ಗೀಚಿದ
ಚಪ್ಪಲಿಯಂಥ ಗೆರೆ. ಅದರ ಅಂಚಲ್ಲೇ ಸೂಜಿ ನಡೆಸಿ
ಹೊರಟಲ್ಲಿಗೆ ಮರಳಿದರೆ
ಚಕ್ರ ಅಷ್ಟು ಉರುಳಿ, ಅಷ್ಟು ಜಾರಿ
ಒಳಗಿನ ಜಾಗವೆಷ್ಟೆಂದು ಹೇಳುತ್ತಿತ್ತಂತೆ,
ಒಳಗೆ ಕಾಲಿಡದೆ,
ಒಂದು ಅಂಕಿಯನ್ನೂ ಕೂಡದೆ.

ಶಿವಮೊಗ್ಗೆಯ ನನ್ನ ತರಗತಿಯಲ್ಲಿ
ಹಿಂದಿನ ಬೆಂಚಿನ ಇಂಚರ ಎದ್ದಳು:
"ಮೇಡಂ, ಇದು ಲೆಕ್ಕ ಮಾಡಿತಾ, ಇಲ್ಲ ಲೆಕ್ಕ ಆಯ್ತಾ?
ಇದೂ ಗಣನೆ ಅಂದರೆ
ಕೈಜಾರಿದ ಕಲ್ಲೂ ತಾನು ಬೀಳೋದನ್ನ ಗಣಿಸತ್ತೆ,
ಸೇತುವೆಯ ಕಂಬ ಬಳಸುವಾಗೆಲ್ಲ ತುಂಗೆ ಗಣಿತ ಮಾಡ್ತಾಳೆ.
ಎಲ್ಲವೂ ಲೆಕ್ಕವಾದರೆ ಲೆಕ್ಕ ಯಾವುದು?"

ತೀರಾ ಚಿಕ್ಕವರನ್ನು ಸೇರಿಸಿಕೊಳ್ಳುವ ಹಾಗೆ
ಆಟಕ್ಕುಂಟು, ಲೆಕ್ಕಕ್ಕಿಲ್ಲ
ಎಂದುಬಿಡಬಹುದಿತ್ತು. ಪರೀಕ್ಷೆಗೆ ಅಷ್ಟು ಸಾಕು.

ಆದರೆ ಬೋರ್ಡಿನ ಮೇಲೆ ಸೊನ್ನೆ, ಒಂದು ಬರೆಯುತ್ತಾ ಕೈ ನಿಂತಿತು.
ನಮ್ಮ ಚಿಪ್ಪಿನೊಳಗೂ ವಿದ್ಯುತ್ತು ಮೆಟ್ಟಿಲು ಹತ್ತುವುದಿಲ್ಲ,
ದಿಬ್ಬ ಏರಿದ ಹಾಗೆ ಏರುತ್ತದೆ.
ಇಲ್ಲಿಂದ ಮೇಲೆ ಒಂದು, ಇಲ್ಲಿಂದ ಕೆಳಗೆ ಸೊನ್ನೆ,
ನಡುವಿನದನ್ನು ನೋಡಬಾರದು
ಎಂದು ಮಾತಾಡಿಕೊಂಡಿದ್ದೇವೆ, ಅಷ್ಟೆ.

ಸಂಜೆ ಸಾಹೇಬರಿಗೆ ಫೋನು ಹಚ್ಚಿದೆ. ನಕ್ಕರು.
"ಚಕ್ರಾನ ನಾನು ಎರಡು ಸಲ ಸುತ್ತಿಸ್ತಿದ್ದೆ.
ಎರಡೂ ತಾಳೆಯಾಗದಿದ್ದರೆ ತಪ್ಪು ಅಂತಿದ್ದೆ, ಮತ್ತೆ ಶುರು.
ಕಲ್ಲು ಎಂದಾದರೂ ತಪ್ಪಾಗಿ ಬಿದ್ದದ್ದುಂಟೇನಮ್ಮಾ?"

ಮರುದಿನ ಇಂಚರಳಿಗೆ ಅದನ್ನೇ ಹೇಳಿದೆ.
ಅವಳು ಸುಮ್ಮನೆ ನನ್ನ ಮೇಜಿಗೆ ಬಂದು,
ಚಹಾದ ಲೋಟ ಹಾಳೆಯ ಮೇಲೆ ಬಿಟ್ಟ
ಒಂದು ಕಡೆ ಮೂತಿ ಬಂದ ಕಲೆಯ ಸುತ್ತ
ಸೂಜಿ ನಡೆಸಿದಳು.
ಮೂವತ್ತೊಂದು ಪಾಯಿಂಟ್ ನಾಲ್ಕು.
ಇನ್ನೊಮ್ಮೆ.
ಮೂವತ್ತೊಂದು ಪಾಯಿಂಟ್ ಆರು.

"ಇದರಲ್ಲಿ ಯಾವುದು ತಪ್ಪು, ಮೇಡಂ?"

ಕಲೆ ಇನ್ನೂ ಹರಡುತ್ತಿತ್ತು ಕಾಗದದಲ್ಲಿ.