ಮೂಗಿನ ಗುರುತು

ಬಾಲ ಸೇರಿಸಿದರೂ ಬೆಂಕಿಕಡ್ಡಿಯಷ್ಟುದ್ದ.
ಅಷ್ಟರೊಳಗೇ ನಾಲ್ಕು ಕಾಲು, ಒಂದು ಹೃದಯ,
ಇರುವೆಮರಿಯಷ್ಟು ಹಸಿವು.

ವಹಾಕಾದ ಉತ್ತರದ ಬೆಟ್ಟ.
ಮೋಡ ನೆಲಕ್ಕಿಳಿಯುವ ಮೂರು ಗಂಟೆಗೆ
ಎರ್ಮಿಲೊ ಕೊಳೆತ ಪೈನ್ ದಿಮ್ಮಿಯ ತೊಗಟೆಯನ್ನು
ಬಿಸಿ ತೋರ್ತಿಯಾ ಮಗುಚುವ ಹಾಗೆ
ಎರಡೇ ಬೆರಳಲ್ಲಿ ಎತ್ತಿದ.
"ನೆರೆಯಿದಾ, ಬಾ, ಇದೆ."
ನೋಡಿದ ಮೇಲೆ ಇದ್ದಂತೆಯೇ ಮುಚ್ಚಬೇಕು, ಅದು ಅವನ ಕಟ್ಟಳೆ.
ಮನೆಗೆ ಬಂದವರು ಬಾಗಿಲು ಹಾಕಿಕೊಂಡು ಹೋಗಬೇಕಲ್ಲ.

ಈ ಮಗ್ಗುಲಿನ ಸಾಲಮಾಂಡರ್ ಒಂದು ಜಾತಿ,
ಕಣಿವೆಯಾಚೆಯದು ಇನ್ನೊಂದು.
ಅದೇ ಕಾಫಿಗಸಿಯ ಬಣ್ಣ, ಬೆನ್ನ ಮೇಲೆ ಅದೇ ತುಕ್ಕಿನ ಪಟ್ಟಿ.
ಭೂತಗನ್ನಡಿ ಹಿಡಿದರೆ ಮಾತ್ರ
ಇದರ ಮೂಗಿನ ಹೊಳ್ಳೆ ದುಂಡಗೆ, ಸಾಸಿವೆ;
ಅದರದ್ದು ನೀಳ, ಜೀರಿಗೆ.
ಮೇಲ್ದವಡೆಯಲ್ಲಿ ಅದಕ್ಕೆ ಎರಡೋ ಮೂರೋ ಹಲ್ಲು,
ಇದಕ್ಕೆ ಬೋಳು ಬಾಯಿ.
ಇಷ್ಟು ಹೇಳುವುದಕ್ಕೆ ನಾನು ನಾಲ್ಕು ವರ್ಷ ಕೊಟ್ಟೆ.

ಎರಡಕ್ಕೂ ಶ್ವಾಸಕೋಶವಿಲ್ಲ.
ಉಸಿರು ಹೋಗಿ ಬರುವುದು ಒದ್ದೆ ಚರ್ಮದಿಂದ.
ಕಾಯುವ ನಾವು ಮೈಯೆಲ್ಲ ಕಣ್ಣು,
ಬದುಕುವ ಅವು ಮೈಯೆಲ್ಲ ಮೂಗು.
ಅಂಥವನ್ನು
ಮೂಗು ನೋಡಿ ಬೇರೆ ಮಾಡಿದ್ದೇವೆ.
ಎರ್ಮಿಲೊಗೆ ಹೇಳಿದೆ. ನಕ್ಕ ರಭಸಕ್ಕೆ ಟೋಪಿ ಬಿತ್ತು.

ಅವನ ಅಜ್ಜಿ ಒದಿಲಿಯಾಗೆ ಎರಡಕ್ಕೂ ಒಂದೇ ಹೆಸರು.
ನನಗದು ಸರಿಯಾಗಿ ಅನ್ನಲು ಬಾರದು,
ನಡುವೆ ಒಮ್ಮೆ ಗಂಟಲು ಕಟ್ಟಿ ಬಿಡಬೇಕು.
ಆಚೆ ಕಣಿವೆಯಿಂದ ಮದುವೆಯಾಗಿ ಬಂದವಳು.
"ಅಲ್ಲಿಯವು ಸಂಕೋಚದವು, ಇಲ್ಲಿಯವು ಸಲಿಗೆಯವು"
ಅನ್ನುತ್ತಿದ್ದಳಂತೆ, ಸೌದೆ ಒಟ್ಟುತ್ತ.
ಯಾವ ಪುಸ್ತಕದಲ್ಲೂ ಇದಿಲ್ಲ.
ಬರೆದುಕೊಂಡೆ.

ಆಚೆ ಕಣಿವೆಗೆ ಈ ಸಲವೂ ಹೋದೆವು.
ಮೋಡ ಈಗ ಅಲ್ಲಿ ಇಳಿಯುವುದಿಲ್ಲ,
ಪರಿಚಯ ಮರೆತವರ ಹಾಗೆ ಮೇಲೆಮೇಲೇ ದಾಟುತ್ತದೆ.
ಕಾಡು ಅಲ್ಲೇ ಇದೆ, ಹಸಿರಾಗಿಯೇ ಇದೆ;
ತೊಗಟೆಯಡಿ ಮಾತ್ರ ಕೈಗೆ ಹತ್ತುವುದು ಒಣಪುಡಿ.
ಹನ್ನೊಂದು ದಿನ, ನೂರ ನಲವತ್ತು ದಿಮ್ಮಿ:
ಜೇಡ, ಶತಪದಿ,
ಯಾರದೋ ಟಾರ್ಚಿನ ಹಳೆಯ ಬ್ಯಾಟರಿ.

ನಗರದ ಕಪಾಟಿನಲ್ಲಿ ಜೀರಿಗೆ ಮೂಗಿನದೊಂದು ಇದೆ,
ಸ್ಪಿರಿಟ್ಟಿನಲ್ಲಿ ಬಿಳಿಚಿಕೊಂಡು,
ಕಾಲಿಗೆ ದಾರ, ದಾರಕ್ಕೆ ಚೀಟಿ, ಚೀಟಿಯಲ್ಲಿ ನನ್ನ ಅಕ್ಷರ.
ಅಲ್ಲೂ ಒದ್ದೆಯೇ,
ಉಸಿರಿಗೆ ಆಗಿಬರದ ಒದ್ದೆ.

ಎರ್ಮಿಲೊ ಕೊನೆಯ ತೊಗಟೆಯನ್ನೂ
ಅಂಚಿಗೆ ಅಂಚು ಕೂರಿಸಿ ಮುಚ್ಚಿದ,
ಅಂಗೈಯಿಂದ ಒಮ್ಮೆ ಮೆಲ್ಲಗೆ ಒತ್ತಿದ.
ಒಳಗೆ ಯಾರೂ ಇಲ್ಲವೆಂದು
ಈಗಷ್ಟೇ ನಾವಿಬ್ಬರೂ ನೋಡಿದ್ದೆವು.